ಕೆಪಾಸಿಟರ್ ಪದೇಪದೇ ಹೋಗಾಕತ್ತಾವ ಅಂದ್ರ ಹೊಸಾದು ತರೋಕಿಂತ ಮೊದ್ಲು ಫ್ರೀಕ್ವೆನ್ಸಿ ನೋಡ್ರಿ

ಕಾರಟಗಿ ಕಡೆ ಒಂದು ರೈಸ್ ಮಿಲ್ಲು. ಅವರದ 250 ಕೆವಿಎ ಟ್ರಾನ್ಸ್‌ಫಾರ್ಮರ್, ಮಗ್ಗಲಕ್ಕ ಎಪಿಎಫ್‌ಸಿ ಪ್ಯಾನಲ್ (ಲೋಡ್ ನೋಡ್ಕೊಂಡು ಕೆಪಾಸಿಟರ್ ತಾನ ಹಾಕಿ ತೆಗೆದು ಪವರ್ ಫ್ಯಾಕ್ಟರ್ ಅಂದ್ರ ಪಿಎಫ್ ಸರಿ ಇಡೋ ಪೆಟ್ಟಿಗಿ), ಅದರಾಗ 25 ಕೆವಿಎಆರ್ (ಕೆಪಾಸಿಟರ್‌ನ ಅಳತಿ) ಕೆಪಾಸಿಟರ್ ನಾಕು, 12.5 ರವು ಎರಡು, ಒಟ್ಟು 125. ಐದು ವರ್ಷ ಆ ಪ್ಯಾನಲ್ ಬಾಗಿಲ ಯಾರೂ ತೆಗ್ದಿರಲಿಲ್ಲ, ತೆಗೆಯೋ ಜರೂರೂ ಬಿದ್ದಿರಲಿಲ್ಲ. ಈ ಸಲ ಸೀಸನ್ ಶುರು ಆಗಿ ಎರಡು ತಿಂಗಳದಾಗ ಮೂರು ಕೆಪಾಸಿಟರ್ ಹೋದ್ವು, ಡಬ್ಬಿ ಮ್ಯಾಲಿನ ಮುಚ್ಚಳ ಉಬ್ಬಿ ನಿಂತಿತ್ತು, ಫ್ಯೂಸ್ ಅಂತೂ ವಾರಕ್ಕೊಂದು. ಕೇಬಲ್ ಲಗ್ಗಿನ ಮ್ಯಾಲಿನ ಸ್ಲೀವ್ ಕರಗಿ ಕಂದು ಬಣ್ಣ ಆಗಿತ್ತು.

ಇಂಥಾ ಕಡೆ ಎಲ್ಲಾರೂ ಮಾಡೋದು ಒಂದ, ಡೂಪ್ಲಿಕೇಟ್ ಮಾಲು ಅಂತ ಅಂಗಡಿಯವ್ರಿಗೆ ಬೈದು ಬ್ಯಾರೆ ಕಂಪನಿದು ತಂದು ಹಾಕೋದು. ಇಲ್ಲೂ ಅದ ಆತು, ಹೊಸಾದು 12 ದಿನ ಬಂತು. ನಾನು ಮೊದಲ್ನೇ ಸಲ ಹೋದಾಗ ನಾನೂ ಲಗ್ಗು ಟೈಟ್ ಮಾಡಿ, ಕೆಪಾಸಿಟರ್ ಚಾಲೂ ಬಂದ್ ಮಾಡೋ ಒಂದು ಕಾಂಟ್ಯಾಕ್ಟರ್ ಬದ್ಲಿ ಮಾಡಿ, ಪ್ಯಾನಲ್‌ನಾಗ ಕುಂತಿದ್ದ ತೌಡಿನ ಧೂಳು ಬ್ಲೋವರ್ ಹಿಡ್ದು ಊದಿಸಿ ಬಂದಿದ್ದೆ. ಕೇಳಬೇಕಾದ ಪ್ರಶ್ನೆ ಕೇಳಿರಲಿಲ್ಲ, ಅದು ನನ್ನ ತಪ್ಪು. ಪ್ರಶ್ನೆ ಇಷ್ಟ: ಐದು ವರ್ಷ ಚಲೋ ಇದ್ದದ್ದು ಕೆಡೋದಕ್ಕಿಂತ ಮೊದ್ಲು ಮಿಲ್ಲಿನಾಗ ಹೊಸಾದು ಏನು ಬಂತು? ಎರಡನೇ ಸಲ ಕೇಳಿದಾಗ ಗೊತ್ತಾತು, ಬ್ಲೋವರ್‌ಗೆ 37 ಕಿಲೋವ್ಯಾಟಿಂದು ಒಂದು, ಎಲಿವೇಟರ್ ಕಡೆ 22 ರವು ಎರಡು, ಒಟ್ಟು ಮೂರು ವಿಎಫ್‌ಡಿ (ಮೋಟರಿನ ಸ್ಪೀಡ್ ಹೆಚ್ಚುಕಮ್ಮಿ ಮಾಡೋ ಡ್ರೈವ್) ಹಾಕಿಸ್ಯಾರ, ಕರೆಂಟ್ ಬಿಲ್ಲು ಇಳಿತೈತಿ ಅಂತ. ಇಳಿದೂ ಇತ್ತು. ವಿಎಫ್‌ಡಿ ಹಾಕಿದ ಮ್ಯಾಲ ಮೊದಲ್ನೇ ಕೆಪಾಸಿಟರ್ ಹೋದದ್ದು 20 ದಿನಕ್ಕ.

ಮಾಲಕರ ಅನುಮಾನ ಬ್ಯಾರೆ ಇತ್ತು. ಲೈನಿನ ಫ್ರೀಕ್ವೆನ್ಸಿ ಏರುಪೇರು ಆಗ್ತಿರ್ಬೇಕು, ಅದಕ್ಕ ಹಿಂಗಾಗ್ತೈತಿ ಅಂದ್ರು. ಫ್ರೀಕ್ವೆನ್ಸಿ ಅನ್ನೋ ಮಾತು ಖರೆ, ಆದ್ರ ಲೈನಿಂದು ಅಲ್ಲ. ಕರೆಂಟ್ ತಯಾರು ಮಾಡೋ ಶಕ್ತಿನಗರದ ಮಷಿನ್ ಆಗ್ಲಿ ಕುಡತಿನಿ ಮಷಿನ್ ಆಗ್ಲಿ ಎಲ್ಲಾ 3000 ಆರ್‌ಪಿಎಂಗೆ ಕೂಡಿ ತಿರಗ್ತಾವ, 2013 ರ ಡಿಸೆಂಬರ್ 31 ಕ್ಕ ನಮ್ಮ ರಾಯಚೂರಿಂದ ಸೋಲಾಪುರಕ್ಕ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ ಇಡೀ ದೇಶದ ಗ್ರಿಡ್ಡಿಗೆ ಕೂಡ್ಕೊಂಡ ಮ್ಯಾಲಂತೂ ಒಬ್ಬರು ಮಿಲ್ಲು ಚಾಲೂ ಬಂದ್ ಮಾಡಿದ್ರ ಫ್ರೀಕ್ವೆನ್ಸಿ ಅಳ್ಳಾಡಂಗಿಲ್ಲ. ಗ್ರಿಡ್ಡಿನವ್ರು ಕಾಯೋ ಪಟ್ಟಿ 49.90 ಇಂದ 50.05 ಹರ್ಟ್ಜ್. 50 ರಾಗ 0.1 ಹೆಚ್ಚುಕಮ್ಮಿ ಆದ್ರ ಕೆಪಾಸಿಟರ್ ಕರೆಂಟ್ ನೂರಕ್ಕ 0.2 ಅಷ್ಟ ಬದಲಾಗ್ತೈತಿ, ಅದರಿಂದ ಡಬ್ಬಿ ಉಬ್ಬಂಗಿಲ್ಲ. ಡಬ್ಬಿ ಉಬ್ಬಿಸೋ ಫ್ರೀಕ್ವೆನ್ಸಿ ಮಿಲ್ಲಿನ ಒಳಗ ಹುಟ್ಟಾಕತ್ತಿತ್ತು.

ಇಲ್ಲಿ ಒಂದು ಮಾತು ತಿಳ್ಕೋಬೇಕು, ಇದು ತಿಳಿದ್ರ ಮುಂದಿನ ಎಲ್ಲಾ ರೀಡಿಂಗ್ ತಾನ ಅರ್ಥ ಆಗ್ತಾವ. ಕೆಪಾಸಿಟರ್ ಅನ್ನೋದು ಒಂದು ಕೊಡ ಇದ್ದಂಗ. ಎಸಿ ಒಳಗ ಒಂದು ಸೈಕಲ್‌ಗೆ ಎರಡು ಸಲ ತುಂಬ್ತೈತಿ, ಎರಡು ಸಲ ಖಾಲಿ ಆಗ್ತೈತಿ, ಒಮ್ಮೆ ಈ ಕಡೆ ಪ್ಲಸ್ ಒಮ್ಮೆ ಆ ಕಡೆ ಪ್ಲಸ್. ಕೊಡ ಅದ, ಆದ್ರ ಬಾವಿಗೆ ಹೋಗಿ ಬರೋ ಸಲ ಐದು ಪಟ್ಟು ಆತು ಅಂದ್ರ ಒಂದು ತಾಸಿನಾಗ ಹೊತ್ತ ನೀರು ಐದು ಪಟ್ಟು ಆಗ್ತೈತಲ್ಲ, ಹಂಗ ವೋಲ್ಟೇಜ್ ಅಷ್ಟ ಇದ್ರೂ ಫ್ರೀಕ್ವೆನ್ಸಿ ಐದು ಪಟ್ಟು ಆದ್ರ ಕರೆಂಟ್ ಐದು ಪಟ್ಟು. ಲೆಕ್ಕದಾಗ ಹೇಳೋದಾದ್ರ ಕೆಪಾಸಿಟರ್‌ನ ರಿಯಾಕ್ಟನ್ಸ್ (ಎಸಿ ಕರೆಂಟಿಗೆ ಅದು ಒಡ್ಡೋ ಅಡ್ಡಿ) ಅಂದ್ರ 1 ನ್ನ 2 ಪೈ, ಫ್ರೀಕ್ವೆನ್ಸಿ, ಕೆಪಾಸಿಟನ್ಸ್ ಈ ಮೂರರ ಗುಣಾಕಾರದಿಂದ ಭಾಗಿಸ್ಬೇಕು. 1 ಮೈಕ್ರೋಫ್ಯಾರಡ್‌ಗೆ 50 ಹರ್ಟ್ಜ್‌ನಾಗ 3183 ಓಮ್, 250 ರಾಗ 637, 350 ರಾಗ 455. ಡಿಸಿಗೆ ಅಂದ್ರ ಫ್ರೀಕ್ವೆನ್ಸಿ ಸೊನ್ನೆ ಇದ್ದಾಗ, ಒಮ್ಮೆ ತುಂಬಿ ಸುಮ್ಮನ ಕುಂತು ಬಿಡ್ತೈತಿ. ಮೋಟರ್ ವೈಂಡಿಂಗ್, ಚೋಕು ಇವೆಲ್ಲಾ ಇದರ ಉಲ್ಟಾ, ಫ್ರೀಕ್ವೆನ್ಸಿ ಏರಿದಂಗ ಅಡ್ಡ ನಿಲ್ತಾವ. ಹಂಗಾಗಿ ಮಿಲ್ಲಿನಾಗ ಎಲ್ಲೇ ಮ್ಯಾಲಿನ ಫ್ರೀಕ್ವೆನ್ಸಿ ಹುಟ್ಟಿದ್ರೂ ಅದಕ್ಕ ಸುಲಭದ ದಾರಿ ಅಂದ್ರ ಕೆಪಾಸಿಟರ್ ಒಂದ.

ಮೈಕ್ ಸೆಟ್ಟಿನವ್ರಿಗೆ ಇದು ಹೇಳಿಕೊಡೋದ ಬ್ಯಾಡ. ಗವಿಮಠದ ಜಾತ್ರ್ಯಾಗ ಹಾಕೋ ಬಾಕ್ಸಿನಾಗ ಟ್ವೀಟರ್ ಮುಂದ ಒಂದು ಸಣ್ಣ ಕೆಪಾಸಿಟರ್ ಇರ್ತೈತಿ, 4.7 ಮೈಕ್ರೋಫ್ಯಾರಡ್ ಅಂತ ಇಟ್ಕೊಳ್ರಿ, 50 ಹರ್ಟ್ಜ್‌ಗೆ ಅದು 677 ಓಮ್, ಡೊಳ್ಳಿನ ದಪ್ಪ ಧ್ವನಿ ಅಲ್ಲೇ ನಿಲ್ತೈತಿ, 5000 ಹರ್ಟ್ಜ್‌ಗೆ ಬರೇ 6.8 ಓಮ್, ತಾಳದ ಸಣ್ಣ ಧ್ವನಿ ಸರಾಗ ದಾಟಿ ಹೋಗ್ತೈತಿ. ಅಲ್ಲಿ ಬೇಕಂತ ಮಾಡಿದ ಕೆಲಸ ಇಲ್ಲಿ ಬ್ಯಾಡಾದ ಕಡೆ ಆಗಾಕತ್ತೈತಿ.

ವಿಎಫ್‌ಡಿ ಏನು ಮಾಡ್ತೈತಿ ಅಂದ್ರ ಮೂರು ಫೇಸ್ ಎಸಿನ ಮೊದ್ಲು ಆರು ಡಯೋಡಿನ ಬ್ರಿಡ್ಜಿಂದ ಡಿಸಿ ಮಾಡ್ಕೊತೈತಿ. ಆ ಬ್ರಿಡ್ಜು ಕರೆಂಟ್‌ನ ಸೈನ್ ವೇವ್ ಆಕಾರದಾಗ ಎಳ್ಕೊಳ್ಳಂಗಿಲ್ಲ, ತುದಿಯಾಗ ಗಬಕ್ಕನ ಎಳ್ಕೊತೈತಿ. ಆ ಮುರಕಲು ಆಕಾರ ಬಿಡಿಸಿ ನೋಡಿದ್ರ 50 ರ ಜೊತಿಗೆ 5, 7, 11, 13 ನೇ ಹಾರ್ಮೋನಿಕ್ ಸಿಗ್ತಾವ, ಅಂದ್ರ 250, 350, 550, 650 ಹರ್ಟ್ಜ್. 3 ಮತ್ತ 9 ಮೂರು ಫೇಸ್ ಸಮ ಇದ್ರ ಬರಂಗಿಲ್ಲ.

ಈಗ ತಪಾಸಣೆ. ಮೊದ್ಲು ಜೀವದ ಮಾತು, ಇದನ್ನ ಹಗುರ ತಗೋಬ್ಯಾಡ್ರಿ. ಮೇನ್ ಬಂದ್ ಮಾಡಿದ ಕೂಡ್ಲೇ ಕೆಪಾಸಿಟರ್ ಮುಟ್ಟಬಾರದು. ಡಿಸ್ಚಾರ್ಜ್ ರೆಸಿಸ್ಟರ್ ಇರ್ತಾವ ಖರೆ, ಆದ್ರ ಉಬ್ಬಿದ ಡಬ್ಬಿ ಒಳಗ ಅವು ಚಲೋ ಅದಾವೋ ಇಲ್ಲೋ ಯಾರಿಗೆ ಗೊತ್ತು. ಐದು ನಿಮಿಷ ಬಿಡ್ರಿ, ಮಲ್ಟಿಮೀಟರ್ ಹಿಡ್ದು ಮೂರೂ ಟರ್ಮಿನಲ್ ನಡುವ ಮತ್ತ ಅರ್ಥಿಂಗಿಗೆ ನೋಡ್ರಿ, ವೋಲ್ಟೇಜ್ ಉಳಿದಿದ್ರ ರೆಸಿಸ್ಟರ್ ಹಚ್ಚಿ ಇಳಿಸ್ರಿ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ಸೋ ಚಾಳಿ ನಮ್ಮ ಕಡೆ ಭಾಳ ಐತಿ, ಕಣ್ಣಿಗೆ ತಾಮ್ರದ ಕಿಡಿ ಸಿಡೀತಾವ, ಐಟಿಐ ಹುಡುಗ್ರಿಗೆ ಇದನ್ನ ಕಲಿಸಬ್ಯಾಡ್ರಿ.

ಸಾದಾ ಕಾರಣ ಮೊದ್ಲು ತೆಗೆದು ಹಾಕ್ಬೇಕು. ಲಗ್ಗು ಸಡಿಲ ಐತೇನು, ಕಾಂಟ್ಯಾಕ್ಟರ್ ಕೆಪಾಸಿಟರ್ ಡ್ಯೂಟಿದ ಐತೋ ಅಥ್ವಾ ಯಾರೋ ಮೋಟರಿಂದು ತಂದು ಹಾಕ್ಯಾರೋ, ರಾತ್ರಿ ಲೋಡ್ ಇಲ್ಲದಾಗ ವೋಲ್ಟೇಜ್ 440 ದಾಟ್ತೈತೇನು, ಪ್ಯಾನಲ್ ಫ್ಯಾನ್ ತಿರಗ್ತೈತೇನು. ನಮ್ಮ ಬ್ಯಾಸಗಿ ಏನಂತ ಹೇಳೋದು ಬ್ಯಾಡ, ತಗಡಿನ ಶೆಡ್ಡಿನಾಗ ಬಾಯ್ಲರ್ ಮಗ್ಗಲಕ್ಕ ಪ್ಯಾನಲ್ ಇಟ್ರ ಹಾರ್ಮೋನಿಕ್ ಇಲ್ಲದನೂ ಕೆಪಾಸಿಟರ್ ಸಾಯ್ತಾವ. ಈ ಮಿಲ್ಲಿನಾಗ ಇವೆಲ್ಲಾ ಸರಿ ಇದ್ವು, ವೋಲ್ಟೇಜ್ ಹಗಲಿಗೆ 415 ಇತ್ತು.

ಕೆಪಾಸಿಟರ್ ಬಿಚ್ಚಿ ಮೈಕ್ರೋಫ್ಯಾರಡ್ ಅಳೆಯೋ ಕಡೆ ಭಾಳ ಮಂದಿ ಎಡವ್ತಾರ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. 25 ಕೆವಿಎಆರ್, 440 ವೋಲ್ಟಿನ ಡಬ್ಬಿ ಒಳಗ ಮೂರು ಕೆಪಾಸಿಟರ್ ಡೆಲ್ಟಾ (ತ್ರಿಕೋನದಂಗ) ಕಟ್ಟಿರ್ತಾವ, ಒಂದೊಂದು 137 ಮೈಕ್ರೋಫ್ಯಾರಡ್. ಎರಡು ಟರ್ಮಿನಲ್‌ಗೆ ಮೀಟರ್ ಹಚ್ಚಿದಾಗ ನಡುವಿನ ಒಂದರ ಜೊತಿಗೆ ಉಳಿದ ಎರಡು ಸೀರೀಸ್ ಆಗಿ ಕೂಡ್ತಾವ, ಹಂಗಾಗಿ ಮೀಟರ್ 205 ರ ಸುತ್ತ ತೋರಿಸ್ಬೇಕು. 137 ಬರ್ತೈತಿ ಅಂತ ಕಾಯ್ಕೊಂತ ಕುಂತವ್ರು 205 ನೋಡಿ ಮೀಟರ್ ಕೆಟ್ಟೈತಿ ಅಂತಾರ, 137 ನೋಡಿದವ್ರು ಸರಿ ಐತಿ ಅಂತ ವಾಪಸ್ ಹಾಕ್ತಾರ. ಖರೇ ಅಂದ್ರ ಎರಡು ಜೋಡಿ 137, ಒಂದು ಜೋಡಿ 68 ಬಂತಂದ್ರ ಒಳಗ ಒಂದು ಪೂರ್ತಿ ತೆರ್ಕೊಂಡೈತಿ ಅಂತ ಅರ್ಥ. ಮೂರೂ ಜೋಡಿ 160 - 170 ಬಂದ್ರ ಸಾವಕಾಶ ಸವದೈತಿ. ಒಳಗಿನ ಪ್ಲಾಸ್ಟಿಕ್ ಫಿಲ್ಮಿಗೆ ತೆಳ್ಳನ ಲೋಹದ ಲೇಪ ಇರ್ತೈತಿ, ಎಲ್ಲಿ ತೂತು ಬೀಳ್ತೈತೋ ಅಲ್ಲಿ ಸುತ್ತಲಿನ ಲೇಪ ಆವಿ ಆಗಿ ತೂತು ತಾನ ಬೇರೆ ಆಗ್ತೈತಿ, ಅದಕ್ಕ ಸೆಲ್ಫ್ ಹೀಲಿಂಗ್ ಅಂತಾರ, ಆದ್ರ ಪ್ರತಿ ಸಲಕ್ಕೂ ಚೂರು ಚೂರು ಕೆಪಾಸಿಟನ್ಸ್ ಹೋಗ್ತೈತಿ. ಇಲ್ಲಿ ಉಬ್ಬದ ಉಳಿದ ಒಂದು ಹಳೆ ಡಬ್ಬಿ 168 ತೋರಿಸ್ತು. ಐದು ವರ್ಷದ್ದು ಅಂತ ಬಿಡಬಹುದಿತ್ತು, ಆದ್ರ ಎರಡು ವಾರದ ಹೊಸಾದು 181 ಅಂದಾಗ ಸಂಶಯ ಉಳಿಲಿಲ್ಲ, ಅದನ್ನ ಯಾವುದೋ ತಿನ್ನಾಕತ್ತೈತಿ.

ಆಮ್ಯಾಲ ಕರೆಂಟ್. ನಾನು ಈಗ ಕೆಪಾಸಿಟರ್ ಕೇಸಿಗೆ ಹೋದ ಕೂಡ್ಲೇ ಮಾಡೋದು ಇದ. ಆ ಡಬ್ಬಿ 440 ವೋಲ್ಟಿಗೆ 32.8 ಆಂಪ್ಸ್ ತಗೋಬೇಕು, 415 ಕ್ಕ 31. ಕೆಪಾಸಿಟರ್ ಕರೆಂಟ್ ಮೋಟರ್ ಕರೆಂಟ್ ಇದ್ದಂಗ ಲೋಡಿನ ಪ್ರಕಾರ ಏರಿಳಿಯಂಗಿಲ್ಲ, ವೋಲ್ಟೇಜ್, ಫ್ರೀಕ್ವೆನ್ಸಿ, ಮೈಕ್ರೋಫ್ಯಾರಡ್ ಈ ಮೂರ ಮ್ಯಾಲ ನಿಂತೈತಿ. ಕೆಪಾಸಿಟನ್ಸ್ ಸವದ್ರ ಕರೆಂಟ್ ಕಡಿಮಿ ಆಗ್ಬೇಕು, ವೋಲ್ಟೇಜ್ ಸರಿ ಐತಿ, ಆದ್ರೂ ಕರೆಂಟ್ ಜಾಸ್ತಿ ಬರ್ತೈತಿ ಅಂದ್ರ ಉಳಿದದ್ದು ಫ್ರೀಕ್ವೆನ್ಸಿ ಒಂದ. ಕ್ಲಾಂಪ್ ಮೀಟರ್ ಮಾತ್ರ ಟ್ರೂ ಆರ್‌ಎಂಎಸ್ (ಕರೆಂಟಿನ ಆಕಾರ ಹೆಂಗ ಇದ್ರೂ ಸರಿ ಅಳೆಯೋದು) ಇರ್ಬೇಕು, ಅಗ್ಗದ ಮೀಟರ್ ಸೈನ್ ವೇವ್ ಅಂತ ತಿಳ್ಕೊಂಡು ಲೆಕ್ಕ ಹಾಕ್ತೈತಿ, ನನ್ನ ಹಳೇ ಮೀಟರ್ 38 ತೋರಿಸಿದ ಕಡೆ ಟ್ರೂ ಆರ್‌ಎಂಎಸ್‌ದು 44 ತೋರಿಸ್ತು. ಮೊದಲ್ನೇ ಸಲ ಹೋದಾಗ 38 ನೋಡಿ ಹೋಗ್ಲಿ ಬಿಡು ಅಂದಿದ್ದೆ.

ಎಪಿಎಫ್‌ಸಿ ರಿಲೇನ ಮ್ಯಾನುಯಲ್‌ಗೆ ಹಾಕಿ, ಮೂರೂ ವಿಎಫ್‌ಡಿ ಪೂರಾ ಲೋಡಿಗೆ ಓಡಿಸಿ, ಒಂದೊಂದ ಸ್ಟೆಪ್ (ಅಂದ್ರ ಒಂದೊಂದ ಕೆಪಾಸಿಟರ್) ಹಾಕ್ಕೊಂತ ಅದ ಒಂದು 25 ರ ಡಬ್ಬಿಯ ಕರೆಂಟ್ ನೋಡ್ಕೊಂತ ಹೋದ್ವಿ, ಪ್ರತಿ ಸ್ಟೆಪ್ಪಿಗೂ ಒಂದು ನಿಮಿಷ ಬಿಟ್ಟು. 25 ಒಂದ ಇದ್ದಾಗ 33 ಆಂಪ್ಸ್. 50 ಆದಾಗ 36. 75 ಆದಾಗ 34, ಇಳೀತು ನೋಡ್ರಿ. 100 ಆದಾಗ 39. ಅದರ ಮ್ಯಾಲ 12.5 ಹಾಕಿ 112.5 ಆದ ಕೂಡ್ಲೇ 44, ಅಷ್ಟ ಅಲ್ಲ ಪ್ಯಾನಲ್ ಸಪ್ಪಳನ ಬದ್ಲಾತು, ಗುಂಯ್ ಅನ್ನೋದು ಹೋಗಿ ಕೀರಲು ಧ್ವನಿ ಬಂತು, ಬಾಗಿಲ ಮುಟ್ಟಿದ್ರ ಕೈಗೆ ನಡಕ. 125 ಆದಾಗ 41. ಹುಡುಗ ಒಂದು ವಹಿ ಹಾಳಿ ಮ್ಯಾಲ ಬರ್ಕೊಂಡ. ಆಮ್ಯಾಲ ವಿಎಫ್‌ಡಿ ಮೂರೂ ಬಂದ್ ಮಾಡಿ ಅದ ಸ್ಟೆಪ್ ಮತ್ತೊಮ್ಮೆ ಹಾಕಿದ್ವಿ, ಎಲ್ಲಾದಕ್ಕೂ 31 ರ ಆಜುಬಾಜು. ಕೇಸು ಅಲ್ಲೇ ಮುಗೀತು ಅನ್ನಬಹುದು.

ಲೆಕ್ಕ ನೋಡ್ರಿ. 44 ರ ವರ್ಗದಾಗ 31 ರ ವರ್ಗ ಕಳೆದು ವರ್ಗಮೂಲ ತೆಗದ್ರ 31 ಬರ್ತೈತಿ. ಅಂದ್ರ 50 ಹರ್ಟ್ಜ್‌ನ ಕರೆಂಟ್ ಎಷ್ಟೈತೋ ಅಷ್ಟ ಹಾರ್ಮೋನಿಕ್ ಕರೆಂಟ್ ಮತ್ತೊಂದು ಅದರ ಒಳಗ ಹರಿಯಾಕತ್ತೈತಿ. ನಿರಂತರ ತಡ್ಕೊಳ್ಳೋ ಮಿತಿ ಸಾಮಾನ್ಯ ಡ್ಯೂಟಿ ಕೆಪಾಸಿಟರ್‌ಗೆ ಪ್ಲೇಟ್ ಮ್ಯಾಲಿನ 32.8 ಆಂಪ್ಸಿನ 1.3 ಪಟ್ಟು, ಇಲ್ಲಿ 42.6. ಅದನ್ನೂ ದಾಟೈತಿ. ಪವರ್ ಅನಲೈಜರ್ ಬಾಡಿಗಿ ತಂದು ಹಚ್ಚಿದಾಗ ವೋಲ್ಟೇಜಿನಾಗ 5 ನೇ ಹಾರ್ಮೋನಿಕ್ ನೂರಕ್ಕ 6, 7 ನೇದು ನೂರಕ್ಕ 14 ಬಂತು. 415 ರಾಗ ನೂರಕ್ಕ 14 ಅಂದ್ರ ಬರೇ 58 ವೋಲ್ಟು. ಆದ್ರ ಆ 58 ವೋಲ್ಟು 350 ಹರ್ಟ್ಜ್‌ಂದು, ಕೆಪಾಸಿಟರ್ ಅಲ್ಲಿ ಏಳು ಪಟ್ಟು ಬಾಗಿಲ ತೆಗ್ದಿರ್ತೈತಿ, ಹಂಗಾಗಿ 30 ಆಂಪ್ಸ್ ಎಳ್ಕೊತು. ನನಗ ಈ ಕೆಲಸದಾಗ ಇದಕ್ಕಿಂತ ಚಂದ ಕಾಣೋ ಲೆಕ್ಕ ಮತ್ತೊಂದಿಲ್ಲ.

ಇನ್ನ 75 ಕ್ಕ ಇಳಿದದ್ದು 112.5 ಕ್ಕ ಏರಿದ್ದು ಯಾಕ? ಟ್ರಾನ್ಸ್‌ಫಾರ್ಮರ್ ಒಂದು ಇಂಡಕ್ಟರ್, ಅಂದ್ರ ಚೋಕಿನ ಜಾತಿ, ಕೆಪಾಸಿಟರ್ ಬ್ಯಾಂಕ್ ಅದಕ್ಕ ಜೋಡಿ, ಎರಡೂ ಕೂಡಿದ್ರ ಯಾವುದೋ ಒಂದು ಫ್ರೀಕ್ವೆನ್ಸಿಗೆ ಒಂದರದು ಎಷ್ಟೋ ಇನ್ನೊಂದರದು ಅಷ್ಟ ರಿಯಾಕ್ಟನ್ಸ್ ಆಗಿ ಜೋಕಾಲಿ ಆಡಾಕ ಶುರು ಮಾಡ್ತಾವ. ಜೋಕಾಲಿ ತನ್ನ ತಾಳಕ್ಕ ಸರಿಯಾಗಿ ನೂಕಿದ್ರ ಸಣ್ಣ ಕೂಸು ನೂಕಿದ್ರೂ ಮುಗಿಲಿಗೆ ಹೋಗ್ತೈತಿ, ಹಂಗ. ಅದನ್ನ ಹಿಡಿಯೋ ಅಂದಾಜು ಲೆಕ್ಕ ಭಾಳ ಸಸಾರ: 250 ಕೆವಿಎ ಟ್ರಾನ್ಸ್‌ಫಾರ್ಮರ್ ಪ್ಲೇಟ್ ಮ್ಯಾಲ ಇಂಪಿಡನ್ಸ್ ನೂರಕ್ಕ 4.5 ಬರ್ದಿತ್ತು, 250 ನ್ನ 0.045 ಇಂದ ಭಾಗಿಸಿದ್ರ 5555. ಅದನ್ನ ಚಾಲೂ ಇರೋ ಕೆವಿಎಆರ್‌ದಿಂದ ಭಾಗಿಸಿ ವರ್ಗಮೂಲ ತಗೊಳ್ರಿ, ಎಷ್ಟನೇ ಹಾರ್ಮೋನಿಕ್ಕಿಗೆ ಜೋಕಾಲಿ ಆಡ್ತೈತಿ ಅಂತ ಬರ್ತೈತಿ. 50 ಕ್ಕ 10.5, ಅದು 11 ರ ನೆರೆಹೊರೆ, ಅದಕ್ಕ 36. 75 ಕ್ಕ 8.6, ಅಲ್ಲಿ ನೂಕವ್ರು ಯಾರೂ ಇಲ್ಲ, ಅದಕ್ಕ ಇಳೀತು. 100 ಕ್ಕ 7.45. 112.5 ಕ್ಕ 7.03, ನೆಟ್ಟಗ ಏಳರ ಮ್ಯಾಲ ಹೋಗಿ ಕುಂತಿತು. 125 ಕ್ಕ 6.67. ಲೈನಿನ ಕಡೆಯ ಇಂಪಿಡನ್ಸ್ ಇದನ್ನ ಸ್ವಲ್ಪ ಕೆಳಗ ಎಳೀತೈತಿ, 440 ವೋಲ್ಟಿನ ಕೆಪಾಸಿಟರ್ ಕಡಿಮಿ ವೋಲ್ಟಿಗೆ ಕಡಿಮಿ ಕೆವಿಎಆರ್ ಕೊಡೋದು ಸ್ವಲ್ಪ ಮ್ಯಾಲ ಎತ್ತತೈತಿ, ಅಂದಾಜಿಗೆ ಇಷ್ಟ ಸಾಕು. ದಿನಾ ಬೆಳಿಗ್ಗೆ ಪಾಲಿಶರ್ ಎಲ್ಲಾ ಚಾಲೂ ಆದಾಗ ರಿಲೇ ತಾನ ತಾನ 112.5 ಕ್ಕ ಹೋಗಿ ನಿಲ್ಲತಿತ್ತು, ಮತ್ತ ಅಲ್ಲೇ ತಾಸುಗಟ್ಟಲೆ ಇರ್ತಿತ್ತು. ರಿಲೇದು ತಪ್ಪಿಲ್ಲ, ಅದು 50 ಹರ್ಟ್ಜ್‌ನ ಪಿಎಫ್ ಅಷ್ಟ ನೋಡ್ತಿತ್ತು, ಅದರ ಡಿಸ್‌ಪ್ಲೇ ಮ್ಯಾಲ 0.99 ಇತ್ತು.

ಪರಿಹಾರದಾಗ ಒಂದು ತಪ್ಪು ದಾರಿ ಐತಿ, ಅದನ್ನ ಮೊದ್ಲು ಹೇಳ್ತೀನಿ. 525 ವೋಲ್ಟಿನ ಕೆಪಾಸಿಟರ್ ಹಾಕ್ರಿ ತಡ್ಕೊತಾವ ಅಂತ ಹೇಳವ್ರು ಅದಾರ. ತಡ್ಕೊತಾವ, ಆದ್ರ 25 ರದ್ದು 415 ಕ್ಕ 15.6 ಕೆವಿಎಆರ್ ಅಷ್ಟ ಕೊಡ್ತೈತಿ, ಪಿಎಫ್ ಬೀಳ್ತೈತಿ, ಬಿಲ್ಲಿನಾಗ ದಂಡ ಬರ್ತೈತಿ, ಅದಕ್ಕ ಇನ್ನ ನಾಕು ಹಾಕ್ಸ್ತಾರ, ಮತ್ತ ಜೋಕಾಲಿ ಅಲ್ಲೇ ಬಂದು ನಿಲ್ಲತೈತಿ, ಈ ಸಲ ಹೊಡ್ತ ಟ್ರಾನ್ಸ್‌ಫಾರ್ಮರ್‌ಗೂ ಮೋಟರ್‌ಗೂ. ರೋಗ ಹಂಗ ಇಟ್ಟು ದಪ್ಪ ಅಂಗಿ ಹೊಚ್ಚಿದಂಗ.

ಸೀಸನ್ ನಡುವ ಮಿಲ್ಲು ನಿಲ್ಸಾಕ ಬರಂಗಿಲ್ಲ ಅಂದ್ರು, ಅದಕ್ಕ ತಾತ್ಪೂರ್ತಿಕ ಒಂದು 25 ಮತ್ತ ಎರಡೂ 12.5 ತೆಗೆದು ರಿಲೇನ 75 ಕ್ಕ ಕಟ್ಟಿ ಹಾಕಿದ್ವಿ. ಪಿಎಫ್ ಸ್ವಲ್ಪ ಇಳೀತು, ಅಂದ್ಕೊಂಡಷ್ಟು ಅಲ್ಲ, ಯಾಕಂದ್ರ ವಿಎಫ್‌ಡಿ ಮ್ಯಾಲ ಹೋದ ಮೋಟರ್‌ಗೆ ಮೊದಲಿನಷ್ಟು ಕೆಪಾಸಿಟರ್ ಬೇಕಾಗಂಗಿಲ್ಲ. ಖಾಯಂ ಪರಿಹಾರ ಅಂದ್ರ ಪ್ರತಿ ಸ್ಟೆಪ್ಪಿಗೆ ಸೀರೀಸ್‌ನಾಗ ನೂರಕ್ಕ 7 ರ ಡೀಟ್ಯೂನ್ಡ್ ರಿಯಾಕ್ಟರ್, ಅಂದ್ರ ಜೋಕಾಲಿಯ ತಾಳ ತಪ್ಪಿಸೋ ಚೋಕು. ಅದನ್ನ ಹಾಕಿದ್ರ ಆ ಸ್ಟೆಪ್ಪಿನ ಜೋಕಾಲಿ 189 ಹರ್ಟ್ಜ್‌ಗೆ ಬಂದು ಕುಂದರ್ತೈತಿ, 250 ಕ್ಕೂ 350 ಕ್ಕೂ ಆ ಜೋಡಿ ಕೆಪಾಸಿಟರ್ ಥರ ಅಲ್ಲ, ಚೋಕಿನ ಥರ ನಡ್ಕೊತೈತಿ, ಬಾಗಿಲ ಮುಚ್ಚತೈತಿ. ಆದ್ರ ರಿಯಾಕ್ಟರ್ ಬಂದ ಮ್ಯಾಲ ಕೆಪಾಸಿಟರ್ ಮ್ಯಾಲ ವೋಲ್ಟೇಜ್ ನೂರಕ್ಕ 7.5 ಏರತೈತಿ, 415 ಇದ್ರ 446, 440 ಇದ್ರ 473, ಹಂಗಾಗಿ ಹಳೇ 440 ರ ಡಬ್ಬಿಗೆ ರಿಯಾಕ್ಟರ್ ಜೋಡ್ಸಬ್ಯಾಡ್ರಿ, ಅಲ್ಲಿ 480 ಅಥ್ವಾ 525 ರದ್ದ ಬೇಕು. ಅರ್ಧ ಸ್ಟೆಪ್ಪಿಗೆ ರಿಯಾಕ್ಟರ್ ಹಾಕಿ ಅರ್ಧ ಹಂಗ ಬಿಡೋದೂ ಬ್ಯಾಡ, ಬರಿಗೈಲಿ ನಿಂತ ಕೆಪಾಸಿಟರ್ ಎಲ್ಲಾ ಹೊಡ್ತ ತಾನ ತಿಂತೈತಿ. ವಿಎಫ್‌ಡಿ ಮುಂದ ಒಂದೊಂದು ಲೈನ್ ಚೋಕ್ ಹಾಕ್ಸಿದ್ರ ಹುಟ್ಟೋ ಕಡೆನ ಹಾರ್ಮೋನಿಕ್ ಕಡಿಮಿ ಆಗ್ತೈತಿ, ಇಲ್ಲಿ ಅದನ್ನೂ ಹಾಕ್ಸಿದ್ವಿ.

ಇದ ಜಾತಿಯ ಬ್ಯಾರೆ ಎರಡು ಮೂರು ಕೇಸು, ಬೇಗ ಹೇಳಿ ಬಿಡ್ತೀನಿ. ಸಿಂಧನೂರು ಕಡೆ ಹೊಲದಾಗ ಬೋರ್ ಮೋಟರ್‌ಗೆ ವಿಎಫ್‌ಡಿ ಹಾಕಿದ್ರು, ಹಳೇ ಸ್ಟಾರ್ಟರ್ ಪೆಟ್ಟಿಗ್ಯಾಗಿನ ಕೆಪಾಸಿಟರ್ ಹಂಗ ಬಿಟ್ಟು ವಿಎಫ್‌ಡಿ ಔಟ್‌ಪುಟ್ಟಿಗೆ ಜೋಡಿಸ್ಯಾರ, ಚಾಲೂ ಮಾಡಿದ ಕೂಡ್ಲೇ ಓವರ್ ಕರೆಂಟ್ ಟ್ರಿಪ್. ಔಟ್‌ಪುಟ್ಟಿನಾಗ 50 ಹರ್ಟ್ಜ್ ಜೊತಿಗೆ ಸಾವಿರಗಟ್ಟಲೆ ಹರ್ಟ್ಜ್‌ನ ಸ್ವಿಚಿಂಗ್ ಇರ್ತೈತಿ, 4000 ಹರ್ಟ್ಜ್‌ಗೆ ಕೆಪಾಸಿಟರ್ ರಿಯಾಕ್ಟನ್ಸ್ 80 ಪಾಲಿನಾಗ ಒಂದು ಪಾಲು, ವಿಎಫ್‌ಡಿಗೆ ಅದು ಶಾರ್ಟ್ ಕಂಡಂಗ ಕಾಣ್ತೈತಿ. ಕೆಪಾಸಿಟರ್ ತೆಗದ್ರ ಮುಗೀತು. ಮನ್ಯಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ಫ್ಯಾನ್ ಗುಂಯ್ಗುಡೋದೂ ಈ ಕುಟುಂಬದ್ದ: ಸ್ಕ್ವೇರ್ ವೇವಿನಾಗ 3 ನೇ ಹಾರ್ಮೋನಿಕ್ ಮೂರನೇ ಒಂದು ಪಾಲು, 5 ನೇದು ಐದನೇ ಒಂದು ಪಾಲು ಇರ್ತೈತಿ, ಕೆಪಾಸಿಟರ್ ಅದನ್ನ ಮೂರು ಪಟ್ಟು, ಐದು ಪಟ್ಟು ಎಳ್ದು ಎಲ್ಲಾದನ್ನೂ ಸಮ ಮಾಡಾಕ ನೋಡ್ತೈತಿ, ವೈಂಡಿಂಗ್ ಸೀರೀಸ್‌ನಾಗ ಇರೋದಕ್ಕ ಪೂರಾ ಆಗಂಗಿಲ್ಲ ಅಷ್ಟ. ಜನರೇಟರ್ ಮ್ಯಾಲ ಓಡಿಸುವಾಗಂತೂ ಎಪಿಎಫ್‌ಸಿ ಬಂದ್ ಇಡ್ರಿ, ಜನರೇಟರ್ ಒಳಗಿನ ರಿಯಾಕ್ಟನ್ಸ್ ಟ್ರಾನ್ಸ್‌ಫಾರ್ಮರ್‌ಗಿಂತ ಭಾಳ ದೊಡ್ಡದು, ಜೋಕಾಲಿ 5 ರ ಹತ್ರ ಇಳೀತೈತಿ, ಮ್ಯಾಲಾಗಿ ಲೋಡ್ ಕಡಿಮಿ ಇದ್ದಾಗ ಕೆಪಾಸಿಟರ್ ವೋಲ್ಟೇಜ್ ಎತ್ತಿ ಬಿಡ್ತೈತಿ.

ಮಿಲ್ಲಿನ ಹೊಸ ಪ್ಯಾನಲ್ ಬಂದ ಮ್ಯಾಲ ಅದ ಹಾಳಿ ತಗೊಂಡು ಅದ ಪರೀಕ್ಷೆ ಮತ್ತ ಮಾಡಿದ್ವಿ, ವಿಎಫ್‌ಡಿ ಪೂರಾ ಲೋಡ್, ಎಲ್ಲಾ ಸ್ಟೆಪ್ ಒಂದೊಂದಾಗಿ. ಮೊದಲ್ನೇ ಸ್ಟೆಪ್ಪಿಂದ ಕಡೀ ಸ್ಟೆಪ್ಪಿನ ತನಕ 25 ರ ಡಬ್ಬಿ 32 - 33 ರಾಗ ನಿಂತಿತು, 112.5 ಕ್ಕ ಕೀರಲು ಧ್ವನಿ ಬರಲಿಲ್ಲ. ಆ ಹಾಳಿ ಪ್ಯಾನಲ್ ಬಾಗಿಲ ಒಳಗ ಅಂಟಿಸಿ, ಹೊಸ ಡಬ್ಬಿ ಒಂದೊಂದರದೂ ಮೂರು ಜೋಡಿ ಮೈಕ್ರೋಫ್ಯಾರಡ್ ರೀಡಿಂಗ್ ತಾರೀಕು ಹಾಕಿ ಕೆಳಗ ಬರ್ದೀವಿ. ಸೀಸನ್ ಮುಗಿದ ಮ್ಯಾಲ ಹೋಗಿ ಅದ ಮೀಟರಿಂದ ಮತ್ತೊಮ್ಮೆ ಅಳೀಬೇಕು.